ಮನೆ ಜಗಳ ಕೇಳುವವರಿಗೂ ಲೈಸೆನ್ಸು

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತೀವಿ. ಎಲ್ಲ ಜಗಳವೂ ಹಾಗೆ ಮುಗಿಯೋದಿಲ್ಲ. ಆಗ ನಾವು ತವರಿಗೆ ಹೋಗುತ್ತೇವೆ. ಹಿರಿಯರು ಕೂತು ಮಾತಾಡುತ್ತಾರೆ. ಮದುವೆಯಾಗಿ ಅಮೆರಿಕಕ್ಕೆ ಹೋದ ಮಗಳು ಏನು ಮಾಡಬೇಕು? ತವರು ದೂರ. ಹಿರಿಯರೂ ಹತ್ತಿರ ಇಲ್ಲ.

ಅಲ್ಲಿ ಈ ಕೆಲಸಕ್ಕೆಂದೇ ಆಪ್ತ ಸಲಹೆಗಾರರು ಇದ್ದಾರೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತು ಕೇಳುತ್ತಾರೆ. ಒಬ್ಬರೇ ಹೋದರೂ ಕೇಳುತ್ತಾರೆ. ಆದರೆ ಯಾರು ಬೇಕಾದರೂ ಬೋರ್ಡು ಹಾಕಿ ಕೂರುವ ಹಾಗಿಲ್ಲ. ಬಸ್ಸು ಓಡಿಸೋಕೆ ಲೈಸೆನ್ಸು ಬೇಕಲ್ಲ? ಹಾಗೇ ಇದಕ್ಕೂ ಲೈಸೆನ್ಸು ಬೇಕು. ಇಂಥ ಕಾನೂನು ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ ರಾಜ್ಯ, 1963ರಲ್ಲಿ. ನಮ್ಮ ಕನ್ನಡದವರೂ ಅಲ್ಲಿ ಬಹಳ ಮಂದಿ ಇದ್ದಾರೆ.

ಆ ರಾಜ್ಯದ ನಿಯಮ ನೋಡಿ. ಮೊದಲು ಎಂ.ಎ.ಯಷ್ಟು ಓದು ಆಗಬೇಕು. ಅನುಭವ ಇರುವವರ ಕೈಕೆಳಗೆ 3000 ಗಂಟೆ ಕೆಲಸ ಮಾಡಬೇಕು. ದಿನಕ್ಕೆ 8 ಗಂಟೆ ಅಂದರೂ 375 ದಿನ ಆಯಿತು. ಅವಸರ ಮಾಡಿ ಮುಗಿಸುವ ಹಾಗೂ ಇಲ್ಲ. ಕಡಿಮೆ ಅಂದರೆ 104 ವಾರ ಬೇಕು. ಆಮೇಲೆ 2 ಪರೀಕ್ಷೆ.

ಇಷ್ಟು ಬಿಗಿ ಯಾಕೆ? ಮನೆಯ ಗುಟ್ಟನ್ನೆಲ್ಲ ಅವರ ಮುಂದೆ ಬಿಚ್ಚಿಡುತ್ತೇವೆ. ಆ ಮಾತು ಬೀದಿಗೆ ಬಂದರೆ? ನಮ್ಮ ದುಃಖವನ್ನೇ ನೆಪ ಮಾಡಿಕೊಂಡು ಮೈ ಮುಟ್ಟಲು ಬಂದರೆ? ಅದಕ್ಕೇ ಕಾನೂನು. ಸಲಹೆಗಾರರು ಗುಟ್ಟು ಕಾಪಾಡಬೇಕು. ಮಗುವಿಗೆ ಹಿಂಸೆ ಆಗುತ್ತಿದೆ ಅನ್ನೋ ಅನುಮಾನ ಬಂದರೆ ತಿಳಿಸಲೇಬೇಕು. ಇಂಥ ಕೆಲವು ವಿಷಯ ಬಿಟ್ಟರೆ ಬಾಯಿ ಬಿಡುವ ಹಾಗಿಲ್ಲ. ಸಲಹೆಗೆ ಬಂದವರ ಜೊತೆ ದೇಹ ಸಂಬಂಧ ಇಟ್ಟುಕೊಂಡರೆ ಅದು ಅಪರಾಧ. ಹೆಂಗಸು ಒಪ್ಪಿದ್ದಳು ಅಂದರೂ ಬಿಡುವುದಿಲ್ಲ. ನಮಗೆ ಎಲ್ಲಕ್ಕಿಂತ ಹಿಡಿಸಿದ ನಿಯಮ ಇದೇ.

ಒಂದು ತೊಡಕೂ ಇದೆ. ಲೈಸೆನ್ಸು ರಾಜ್ಯ ರಾಜ್ಯಕ್ಕೆ ಬೇರೆ. ಬೆಂಗಳೂರಿನ ಸಲಹೆಗಾರ್ತಿ ಫೋನಿನಲ್ಲಿ ಅಲ್ಲಿನ ಮಗಳಿಗೆ ಚಿಕಿತ್ಸೆ ಕೊಡಬೇಕಾದರೂ ಅಲ್ಲಿನ ಲೈಸೆನ್ಸೇ ಬೇಕು. ಕನ್ನಡದಲ್ಲೇ ಅತ್ತು ಹಗುರಾಗಬೇಕು ಅನ್ನೋ ಹುಡುಗಿಗೆ ಇದು ಕಷ್ಟವೇ ಸರಿ. ಆದರೆ ಲೈಸೆನ್ಸು ಇದ್ದವರು ತಪ್ಪು ಮಾಡಿದರೆ ದೂರು ಕೊಡಲು ಅಲ್ಲಿ ಸರ್ಕಾರದ ಮಂಡಳಿ ಇದೆ. ಇಲ್ಲದವರ ಮೇಲೆ ಆ ಹಿಡಿತ ಎಲ್ಲಿ?

ನಿಮ್ಮ ಮಗಳೋ ತಂಗಿಯೋ ಅಲ್ಲಿದ್ದರೆ ಫೋನಿನಲ್ಲಿ ಹೇಳಿ. ಮೊದಲು ಲೈಸೆನ್ಸಿನ ನಂಬರು ಕೇಳಲಿ. ಆ ಮಂಡಳಿಯ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡಲಿ. ಅದಕ್ಕೆ ದುಡ್ಡು ಬೇಡ. ಗಂಡ ಹೊಡೆಯುತ್ತಿದ್ದರೆ ಮಾತ್ರ ಸಲಹೆಗೆ ಕಾಯುವುದು ಬೇಡ. ಅಲ್ಲಿ ಪೊಲೀಸರನ್ನು ಕರೆಯುವ ನಂಬರು 911.