ವಿಮಾನದ ದರ್ಜೆಗಳ ನಡುವಿನ ಆಸನ ವಿನಿಮಯ

ಒಂದೇ ವಿಮಾನದಲ್ಲಿ ಬೇರೆ ಬೇರೆ ದರ್ಜೆಯ ಟಿಕೆಟ್ ಹೊಂದಿರುವ ಸಹಪ್ರಯಾಣಿಕರು ತಮ್ಮ ಆಸನಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದನ್ನು ದರ್ಜೆಗಳ ನಡುವಿನ ಆಸನ ವಿನಿಮಯ ಎನ್ನಬಹುದು. ಪತಿಯು ಬಿಸಿನೆಸ್ ಕ್ಲಾಸಿನಲ್ಲಿಯೂ ಪತ್ನಿಯು ಎಕಾನಮಿಯಲ್ಲಿಯೂ ಕುಳಿತು ಹೊರಟು, ಅರ್ಧ ದಾರಿಯಲ್ಲಿ ಸ್ಥಳ ಬದಲಿಸುವುದು ಇದರ ಸಾಮಾನ್ಯ ರೂಪ. ದರ್ಜೆಯು ಟಿಕೆಟ್ಟಿನಲ್ಲಿ ಹೆಸರಿರುವ ವ್ಯಕ್ತಿಗೆ ಸೇರಿದ್ದೇ ಹೊರತು ಜೊತೆಯಲ್ಲಿ ಬಂದವರು ಹಂಚಿಕೊಳ್ಳಬಹುದಾದ ಸೊತ್ತಲ್ಲ. ಆದುದರಿಂದ ಇಂತಹ ವಿನಿಮಯವು ಪ್ರಯಾಣಿಕರ ಹಕ್ಕಲ್ಲ. ವಿಮಾನದ ಸಿಬ್ಬಂದಿ ನೀಡಬಹುದಾದ ಅಥವಾ ನಿರಾಕರಿಸಬಹುದಾದ ಅನುಮತಿ ಮಾತ್ರ.

ಹಿನ್ನೆಲೆ

ಅಟ್ಲಾಂಟಿಕ್ ಮಾರ್ಗದಲ್ಲಿ 1952ರಲ್ಲಿ ಟೂರಿಸ್ಟ್ ದರ್ಜೆಯೂ 1958ರಲ್ಲಿ ಎಕಾನಮಿ ದರ್ಜೆಯೂ ಬಂದವು. ಬಿಸಿನೆಸ್ ಕ್ಲಾಸ್ 1970ರ ದಶಕದ ಕೊನೆಯಲ್ಲಿ, ಪ್ರೀಮಿಯಂ ಎಕಾನಮಿ 1990ರ ದಶಕದ ಆರಂಭದಲ್ಲಿ ರೂಪುಗೊಂಡವು. ಆದರೆ ಜೊತೆಯಾಗಿ ಹೊರಟವರನ್ನು ಎರಡು ದರ್ಜೆಗಳಿಗೆ ಬೇರ್ಪಡಿಸಿದ್ದು ಮುಖ್ಯವಾಗಿ ಮೈಲ್ಸ್ ಯೋಜನೆಗಳು. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಇಂತಹ ಯೋಜನೆಯನ್ನು ಆರಂಭಿಸಿದ ಬಳಿಕ ಇತರ ಸಂಸ್ಥೆಗಳೂ ಅದನ್ನು ಅನುಸರಿಸಿದವು. ಹೀಗೆ ಕೂಡಿಟ್ಟ ಮೈಲ್ಸ್ ಅನೇಕ ವೇಳೆ ಒಬ್ಬರ ಬಡ್ತಿಗೆ ಸಾಲುತ್ತದೆ, ಇಬ್ಬರಿಗೆ ಸಾಲದು.

ಕರ್ನಾಟಕದ ಅನೇಕ ಕುಟುಂಬಗಳಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಆರಂಭಿಸಿದ ನೇರ ಹಾರಾಟದಲ್ಲಿ ಹದಿನಾರು ಗಂಟೆಗೂ ಹೆಚ್ಚು ಕಾಲ ಕುಳಿತಿರಬೇಕಾಗಿತ್ತು. ಮಕ್ಕಳನ್ನು ನೋಡಲು ಹೊರಟ ವೃದ್ಧ ದಂಪತಿಗಳಲ್ಲಿ ಮಂಡಿನೋವಿರುವವರು ಹಿಂದೆ, ಮೈಲ್ಸ್ ಇರುವವರು ಮುಂದೆ ಕುಳಿತರೆ ಸ್ಥಳ ಬದಲಿಸುವ ಯೋಚನೆ ಬರುವುದು ಸಹಜ. ರೈಲಿನಲ್ಲಿ ಹಿರಿಯರಿಗೆ ಕೆಳಗಿನ ಬರ್ತ್ ಬಿಟ್ಟುಕೊಡುವ ರೂಢಿಯಲ್ಲಿ ಬೆಳೆದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಆ ಹೋಲಿಕೆ ಪೂರ್ತಿ ಸರಿಯಲ್ಲ: ಬರ್ತ್ ಬಿಟ್ಟುಕೊಡುವುದು ಒಂದೇ ದರ್ಜೆಯೊಳಗಿನ ಮಾತು. ಸ್ಲೀಪರ್ ಟಿಕೆಟ್ಟಿನವರು ಎ.ಸಿ. ಬೋಗಿಯಲ್ಲಿ ಮಲಗಿದರೆ ರೈಲಿನಲ್ಲಿಯೂ ದಂಡ ತೆರಬೇಕಾಗುತ್ತದೆ.

ನಿರಾಕರಣೆಗೆ ಕಾರಣಗಳು

ಹಣದ ಕಾರಣ ಸ್ಪಷ್ಟ. ಒಂದು ಟಿಕೆಟ್ಟಿನ ಬೆಲೆಗೆ ಇಬ್ಬರು ಸರದಿಯಂತೆ ಮೇಲಿನ ದರ್ಜೆಯನ್ನು ಅನುಭವಿಸುವುದನ್ನು, ಅದರಲ್ಲಿಯೂ ಒಬ್ಬರು ಊಟ ಮುಗಿಸಿ ಎದ್ದಮೇಲೆ ಮತ್ತೊಬ್ಬರು ಬಂದು ಊಟ ಕೇಳುವುದನ್ನು, ಸಂಸ್ಥೆಗಳು ಒಪ್ಪುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಆಸನಸಂಖ್ಯೆಗೆ ಅಂಟಿಕೊಂಡಿರುವ ಮಾಹಿತಿ. ಸಿಬ್ಬಂದಿಯ ಕೈಯಲ್ಲಿರುವ ಪಟ್ಟಿಯಲ್ಲಿ ಪ್ರತಿ ಆಸನದ ಎದುರು ಪ್ರಯಾಣಿಕರ ಹೆಸರು ಮತ್ತು ವಿಶೇಷ ಆಹಾರದ ವಿವರ ಇರುತ್ತದೆ. ಮಧುಮೇಹಿಗಾಗಿ ಹೇಳಿಟ್ಟ ಊಟ ಬೇರೊಬ್ಬರಿಗೆ ಹೋಗಬಹುದು. ಕಡಲೆಕಾಯಿಯ ಅಲರ್ಜಿ ಇರುವವರಿಗೆ ಸಾಮಾನ್ಯ ಊಟ ಬರಬಹುದು. ಪ್ರಜ್ಞೆ ತಪ್ಪಿದ ಪ್ರಯಾಣಿಕರ ಗುರುತನ್ನು ಸಿಬ್ಬಂದಿ ಮೊದಲು ಹುಡುಕುವುದೂ ಆ ಪಟ್ಟಿಯಲ್ಲಿಯೇ. ಸಾಂಕ್ರಾಮಿಕ ರೋಗದ ವಿಷಯದಲ್ಲಂತೂ ಆಸನಸಂಖ್ಯೆ ವಿಮಾನ ಇಳಿದ ಎಷ್ಟೋ ದಿನಗಳ ನಂತರವೂ ಬೇಕಾಗುತ್ತದೆ. ಎಂಟು ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಹಾರಾಟದಲ್ಲಿ ಸೋಂಕು ಹರಡಬಲ್ಲ ಕ್ಷಯರೋಗಿಯೊಬ್ಬರು ಪ್ರಯಾಣಿಸಿದ್ದರೆ, ಅವರ ಸಾಲಿನಲ್ಲಿಯೂ ಅದರ ಹಿಂದಿನ ಎರಡು ಮತ್ತು ಮುಂದಿನ ಎರಡು ಸಾಲುಗಳಲ್ಲಿಯೂ ಕುಳಿತಿದ್ದವರನ್ನು ಪತ್ತೆಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಯಾರಿಗೂ ತಿಳಿಸದೆ ಸ್ಥಳ ಬದಲಿಸಿದವರಿಗೆ ಆ ಎಚ್ಚರಿಕೆ ತಲುಪದೇ ಹೋಗಬಹುದು.

ಚಿಕ್ಕ ವಿಮಾನಗಳಲ್ಲಿ ತೂಕದ ಹಂಚಿಕೆಯನ್ನೂ ನೋಡಬೇಕಾಗುತ್ತದೆ, ಆದರೆ ಇಬ್ಬರೇ ಅದಲುಬದಲಾದಾಗ ಇದು ಅಷ್ಟು ದೊಡ್ಡ ಅಡ್ಡಿಯಲ್ಲ. ತುರ್ತು ನಿರ್ಗಮನ ದ್ವಾರದ ಪಕ್ಕದ ಆಸನಗಳ ಮಾತು ಬೇರೆ. ಅಲ್ಲಿ ಬಾಗಿಲು ತೆರೆಯುವ ಶಕ್ತಿಯಿರುವವರೇ ಕುಳಿತಿರಬೇಕಾದುದರಿಂದ ವೃದ್ಧರನ್ನಾಗಲಿ ಮಕ್ಕಳನ್ನಾಗಲಿ ಕೂರಿಸಲು ಬಿಡುವುದಿಲ್ಲ.

ಅನುಮತಿ ಮತ್ತು ಅದರ ಮಿತಿ

ಸಂಸ್ಥೆಗಳ ಧೋರಣೆ ಒಂದೇ ಬಗೆಯದಲ್ಲ. ಕೆಲವು ಖಡಾಖಂಡಿತವಾಗಿ ನಿಷೇಧಿಸಿದರೆ, ಕೆಲವೆಡೆ ಮುಖ್ಯ ಗಗನಸಖಿಯ ವಿವೇಚನೆಗೆ ಬಿಡಲಾಗುತ್ತದೆ. ಸಾಮಾನ್ಯವಾಗಿ ಒಪ್ಪಿಗೆ ದೊರೆಯುವುದು ಮೊದಲೇ ಕೇಳಿದಾಗ, ಸೀಟ್‌ಬೆಲ್ಟ್ ದೀಪ ಆರಿದ ಮೇಲೆ ಮತ್ತು ಒಂದೇ ಒಂದು ಬಾರಿಗೆ. ಎರಡು ಆಸನ, ಇಬ್ಬರು ವ್ಯಕ್ತಿಗಳು ಎಂಬ ಲೆಕ್ಕ ತಪ್ಪಬಾರದು. ಎಕಾನಮಿಯವರು ಮುಂದೆ ಹೋಗಿ ಸಂಗಾತಿಯ ಪಕ್ಕದ ಖಾಲಿ ಆಸನದಲ್ಲಿ ಕೂರುವುದು ವಿನಿಮಯವೆನಿಸುವುದಿಲ್ಲ. ಅಂಥವರನ್ನು ಹಿಂದಕ್ಕೆ ಕಳುಹಿಸಬಹುದು, ದರದ ವ್ಯತ್ಯಾಸವನ್ನೂ ಕೇಳಬಹುದು. ಬಿಸಿನೆಸ್ ಕ್ಲಾಸಿನವರು ಹಿಂದೆ ಬಂದು ಸಂಗಾತಿಯೊಡನೆ ಮಾತನಾಡಿ ಹೋಗುವುದಕ್ಕೆ ಮಾತ್ರ ಆಕ್ಷೇಪ ವಿರಳ.

ವಿಮಾನ ಹತ್ತುವ ಮೊದಲೇ ಬೋರ್ಡಿಂಗ್ ಪಾಸ್‌ಗಳನ್ನು ಅದಲುಬದಲು ಮಾಡಿಕೊಳ್ಳುವುದು ಇದಕ್ಕಿಂತ ತೀರ ಬೇರೆಯಾದ ಸಂಗತಿ. ಅದು ಬೇರೊಬ್ಬರ ಹೆಸರಿನಲ್ಲಿ ಪ್ರಯಾಣಿಸಿದಂತೆ ಆಗುವುದರಿಂದ, ದಂಪತಿಗಳ ನಡುವೆಯೇ ನಡೆದರೂ ಭದ್ರತಾ ಉಲ್ಲಂಘನೆಯಾಗುತ್ತದೆ. ಹಾರಾಟದಲ್ಲಿ ಶಿಸ್ತು ಕಾಪಾಡುವ ಅಧಿಕಾರವನ್ನು 1963ರ ಟೋಕಿಯೊ ಒಪ್ಪಂದವು ವಿಮಾನದ ಕಮಾಂಡರ್‌ಗೆ ನೀಡಿದೆ. ಭಾರತದಲ್ಲಿ ಅದಕ್ಕೆ ಸಂಬಂಧಿಸಿದ ಕಾಯ್ದೆ 1975ರಲ್ಲಿ ಬಂತು.

ಪರಿಹಾರದ ಪ್ರಶ್ನೆ

ಸಂಸ್ಥೆಯೇ ಪ್ರಯಾಣಿಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಕೆಳದರ್ಜೆಗೆ ಇಳಿಸಿದರೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2023ರ ಫೆಬ್ರವರಿ 15ರಿಂದ ಜಾರಿಗೆ ತಂದ ನಿಯಮದಂತೆ ದೇಶೀಯ ಹಾರಾಟಗಳಲ್ಲಿ ತೆರಿಗೆಯೂ ಸೇರಿದ ಟಿಕೆಟ್ ಬೆಲೆಯ ಶೇಕಡ 75ರಷ್ಟನ್ನು ಮರಳಿಸಬೇಕು. ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಈ ಪ್ರಮಾಣ ದೂರಕ್ಕೆ ತಕ್ಕಂತೆ ಶೇಕಡ 30, 50 ಅಥವಾ 75. ಸಂಗಾತಿಗಾಗಿ ತಾವಾಗಿಯೇ ಹಿಂದೆ ಹೋಗಿ ಕುಳಿತವರಿಗೆ ಇದು ಅನ್ವಯಿಸುವುದಿಲ್ಲ. ಮೈಲ್ಸ್ ಗಳಿಕೆ, ಲಗೇಜಿನ ಮಿತಿ, ಲೌಂಜ್ ಸೌಲಭ್ಯಗಳೂ ಟಿಕೆಟ್ಟಿನ ಹೆಸರಿನವರಲ್ಲಿಯೇ ಉಳಿಯುತ್ತವೆ. ಆದಕಾರಣ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬಡ್ತಿ ಸಾಧ್ಯವಿದ್ದರೆ, ಅದು ಅಗತ್ಯವಿರುವವರ ಹೆಸರಿಗೇ ಬರುವಂತೆ ಕಾಯ್ದಿರಿಸುವಾಗಲೇ ಸಂಸ್ಥೆಯಲ್ಲಿ ವಿಚಾರಿಸುವುದು ಮೇಲು. ಹಲವು ಯೋಜನೆಗಳಲ್ಲಿ ಸದಸ್ಯರು ತಮ್ಮ ಮೈಲ್ಸ್ ಅನ್ನು ಕುಟುಂಬದವರ ಬಡ್ತಿಗೆ ಬಳಸಲು ಅವಕಾಶವಿದೆ.