ಮಡಿಚುವ ಚಾಕು, ಮಡಿಸಿಟ್ಟ ರಸೀತಿ

"ಒಮ್ಮೆ ಮಾರಿದ ಸಾಮಾನನ್ನು ವಾಪಸು ತೆಗೆದುಕೊಳ್ಳುವುದಿಲ್ಲ."

ಈ ಬೋರ್ಡನ್ನು ಓದದ ಗೃಹಿಣಿ ಯಾರಿದ್ದಾರೆ ಹೇಳಿ? ಸೀರೆ ಅಂಗಡಿ, ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ, ಎಲ್ಲ ಕಡೆಯೂ ಗಣಪತಿ ಪಟದ ಪಕ್ಕದಲ್ಲೇ ಅದನ್ನು ತೂಗುಹಾಕಿರುತ್ತಾರೆ. ದೇವರ ಅಪ್ಪಣೆಯೋ ಎನ್ನುವ ಹಾಗೆ ನಾವೂ ಅದನ್ನು ನಂಬಿಬಿಟ್ಟಿರುತ್ತೇವೆ. ನಾನೂ ನಂಬಿದ್ದೆ, ಒಂದು ಚಾಕು ನನ್ನ ಕಣ್ಣು ತೆರೆಸುವವರೆಗೆ.

ಜಯಲಕ್ಷ್ಮಿಪುರಂನ ನಮ್ಮ ಮನೆ ಹಳೆಯದು. ಮುಂದೆ ಒಂದಿಷ್ಟು ಜಾಗವಿದೆ. ಅದು ನಮ್ಮ ಮಾವನವರ ಗುಲಾಬಿ ರಾಜ್ಯ. ಅವರು ನಿವೃತ್ತ ಮೇಷ್ಟ್ರು. ಎಪ್ಪತ್ತಾರು ದಾಟಿದೆ. ಬೆಳಗಿನ ಕಾಫಿ ಮುಗಿಸಿದರೆ ಗಿಡಗಳ ಹತ್ತಿರ ಹೋದವರು ತಿಂಡಿಗೆ ಎರಡು ಸಲ ಕೂಗಿದ ಮೇಲೇ ಒಳಗೆ ಬರುವುದು. ದಸರಾ ಬಂತೆಂದರೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ನೋಟ್‌ಬುಕ್ ಹಿಡಿದು ಹೊರಡುತ್ತಾರೆ. ಕಾಡುಗುಲಾಬಿಯ ಬುಡಕ್ಕೆ ಒಳ್ಳೆಯ ಜಾತಿಯ ಕಣ್ಣು ಕೂರಿಸಿ ಕಸಿ ಕಟ್ಟುವುದೆಂದರೆ ಅವರಿಗೆ ಒಂದು ಹುಚ್ಚು.

ಈ ಕೆಲಸಕ್ಕೆ ಅಡಿಗೆಮನೆ ಚಾಕು ಸಾಲದು. ತೊಗಟೆಯ ಅಡಿಯಲ್ಲಿ ತೆಳುವಾದ ಹಸಿರು ಪದರ ಇರುತ್ತದಲ್ಲ, ಬುಡದ ಆ ಪದರಕ್ಕೂ ಕಣ್ಣಿನ ಆ ಪದರಕ್ಕೂ ಸರಿಯಾಗಿ ಕೂಡಿಕೆಯಾದರೆ ಮಾತ್ರ ಕಸಿ ಹಿಡಿಯುವುದು. ಮೊಂಡು ಚಾಕು ಅದನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಣ್ಣು ಕಪ್ಪಗಾಗಿ ಒಣಗುತ್ತದೆ. ಅದಕ್ಕೇ ಕಸಿ ಕಟ್ಟುವವರು ಜೇಬಿನಲ್ಲಿ ಹಿಡಿಸುವ, ತುಂಬ ಹರಿತವಾದ ಮಡಿಚುವ ಚಾಕು ಇಟ್ಟುಕೊಳ್ಳುತ್ತಾರೆ. ಮಾವನವರ ಹಳೆಯ ಚಾಕುವಿನ ಹಿಡಿ ಒಡೆದು, ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿಕೊಂಡಿದ್ದರು.

2024ರ ಯುಗಾದಿಗೆ ಅವರಿಗೊಂದು ಒಳ್ಳೆಯ ಚಾಕು ಕೊಡಿಸಬೇಕೆಂದು ಮನಸ್ಸು ಮಾಡಿದೆ. ಚೀಟಿ ಹಣದಲ್ಲಿ ಉಳಿಸಿಟ್ಟದ್ದಿತ್ತು. ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ 3,800 ರೂಪಾಯಿ ಕೊಟ್ಟು ಹೊರದೇಶದ ಚಾಕು ತಂದೆ. ಮರದ ಹಿಡಿ, ಕನ್ನಡಿಯಂಥ ಅಲಗು, ತೆರೆದಾಗ 'ಟಕ್' ಎಂದು ಕೂರುವ ಬೀಗ. ಮಾವನವರು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಕೈಗೆ ತೆಗೆದುಕೊಂಡರು. ನನಗೆ ಹೊಟ್ಟೆ ತುಂಬಿದಂತಾಯಿತು.

ಆರು ವಾರ ಆಗಿರಬೇಕು. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಹೊರಗಿನಿಂದ "ಅಮ್ಮಾ, ಒಂಚೂರು ಅರಿಸಿನ ತಾ" ಎಂದು ಮೆಲ್ಲಗೆ ಕರೆದರು. ಹೋಗಿ ನೋಡಿದರೆ ಪಂಚೆಯೆಲ್ಲ ರಕ್ತ! ಬುಡ ಸವರುವಾಗ ಬೀಗ ಜಾರಿ, ಅಲಗು ಮಡಿಚಿಕೊಂಡು ತೋರುಬೆರಳಿಗೆ ಬಿದ್ದಿತ್ತು. ನರ್ಸಿಂಗ್ ಹೋಮಿನಲ್ಲಿ ನಾಲ್ಕು ಹೊಲಿಗೆ ಹಾಕಿದರು. "ಇನ್ನು ಸ್ವಲ್ಪ ಆಳ ಹೋಗಿದ್ರೆ ಬೆರಳು ಮಡಿಸೋಕೆ ಆಗ್ತಿರಲಿಲ್ಲ" ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ ಚಾಕು ಹಿಡಿದು ನೋಡಿದೆ. ಅಲಗು ಅತ್ತಿತ್ತ ಅಲ್ಲಾಡುತ್ತಿತ್ತು. "ಇದು ಯಾವಾಗಿಂದ ಹೀಗಿದೆ?" ಎಂದು ಕೇಳಿದೆ. ಮಾವನವರು ನೆಲ ನೋಡುತ್ತಾ, "ಎರಡನೇ ವಾರದಿಂದಲೇ ಕಣಮ್ಮ. ನೀನು ಅಷ್ಟು ಆಸೆಪಟ್ಟು ತಂದಿದ್ದೆ. ಹೇಗೆ ಹೇಳಲಿ?" ಅಂದರು.

ನೋಡಿದಿರಾ? ಬೆರಳು ಕೊಯ್ದದ್ದು ಚಾಕುವಾದರೂ ಚಾಕು ಹಿಡಿಸಿದ್ದು ಸಂಕೋಚ!

ಅಂಗಡಿಯಲ್ಲಿ ಆದದ್ದು

ಮಾರನೇ ದಿನವೇ ಅಂಗಡಿಗೆ ಹೋದೆ. ಕೊಳ್ಳುವಾಗ ಕುರ್ಚಿ ಕೊಟ್ಟಿದ್ದವರು ಈಗ ತಲೆಯೇ ಎತ್ತಲಿಲ್ಲ. "ಫಾರಿನ್ ಮಾಲು ಮೇಡಂ, ನಾವೇನು ಮಾಡೋಕಾಗತ್ತೆ? ತಾತ ಜೋರಾಗಿ ಒತ್ತಿರ್ತಾರೆ" ಎಂದು ಅದೇ ಬೋರ್ಡಿನ ಕಡೆ ಬೆರಳು ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಸುಮ್ಮನೆ ಬಂದುಬಿಟ್ಟೆ.

ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ರಸೀತಿ ಹುಡುಕಿದೆ. ನಮ್ಮ ಮನೆಯ ಮುಖ್ಯ ಕಾಗದಗಳೆಲ್ಲ ಇರುವುದು ಒಂಟಿಕೊಪ್ಪಲ್ ಪಂಚಾಂಗದೊಳಗೆ. ಅಲ್ಲೇ ನಾಲ್ಕಾಗಿ ಮಡಿಸಿ ಇಟ್ಟಿದ್ದೆ. ಚಾಕುವಿನ ಪೆಟ್ಟಿಗೆಯಲ್ಲಿ ಗುಂಡಿ, ದಾರ ತುಂಬಿದ್ದೆ. ಸದ್ಯ, ಎಸೆದಿರಲಿಲ್ಲ. ಅದರ ಮೇಲೆ ಆಮದು ಮಾಡಿಕೊಂಡ ಕಂಪನಿಯ ಹೆಸರು, ವಿಳಾಸ, ಗ್ರಾಹಕರ ದೂರಿಗೆಂದು ಫೋನ್ ನಂಬರು ಎಲ್ಲ ಇತ್ತು. ಒಳಗೆ ಒಂದು ವರ್ಷದ ವಾರಂಟಿ ಚೀಟಿ ಕೂಡ. ಹೀಗೆ ಪೊಟ್ಟಣದ ಮೇಲೆ ಆಮದುದಾರರ ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ವಿವರ ಇರಲೇಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳೇ ಹೇಳುತ್ತವೆ. ಇವಿಲ್ಲದ ಪೆಟ್ಟಿಗೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ನಾನು ಓದಿದ್ದು ಹೈಸ್ಕೂಲು. ಕನ್ನಡದಲ್ಲಿ ಕಾಗದ ಬರೆದೆ. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಇ-ಮೇಲಿನಲ್ಲಿ ಕಳಿಸಿದಳು. ಕೊಂಡ ದಿನ, ಕೊಟ್ಟ ಹಣ, ಏನು ದೋಷ, ಏನಾಯಿತು, ನಮಗೇನು ಬೇಕು ಎಂಬ ಐದೇ ವಿಷಯ. ಜೊತೆಗೆ ರಸೀತಿಯದೂ ಸಡಿಲವಾದ ಅಲಗಿನದೂ ಫೋಟೋ. ಬೈಗುಳ ಒಂದೂ ಇಲ್ಲ.

ಮೊದಲು ಬಂದ ಉತ್ತರ ಎರಡೇ ಸಾಲು: ತಪ್ಪಾಗಿ ಬಳಸಿದ್ದೀರಿ, ವಾರಂಟಿ ಸಲ್ಲದು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಕಸಿ ಚಾಕುವನ್ನು ಕಸಿಯ ಗಿಡಕ್ಕೇ ಬಳಸಿದ್ದು ತಪ್ಪು ಹೇಗಾಗುತ್ತದೆ ಎಂದು ಕಂಪನಿಗೆ ಮತ್ತೆ ಬರೆದೆ. ಮೂರು ವಾರದ ಮೇಲೆ ಚಾಕುವನ್ನು ತರಿಸಿಕೊಂಡು ನೋಡಿ, ಹೊಸದನ್ನು ಕಳಿಸಿದರು. ಹೊಲಿಗೆಯ ಖರ್ಚು ಕೊಡಲಿಲ್ಲ. ಅಂಗಡಿಯವರು ಕ್ಷಮಿಸಿ ಎನ್ನಲೂ ಇಲ್ಲ. ಆದರೂ ನಾನು ಸೋತೆ ಎನ್ನಿಸಲಿಲ್ಲ.

ಬೋರ್ಡು ಕಾನೂನಲ್ಲ

ಆ ಓಡಾಟದಲ್ಲಿ ನಾನು ತಿಳಿದುಕೊಂಡದ್ದು ನಿಮಗೂ ತಿಳಿದಿರಲಿ. 1986ರ ಗ್ರಾಹಕರ ಕಾಯ್ದೆಯ ಜಾಗದಲ್ಲಿ ಈಗ 2019ರ ಕಾಯ್ದೆ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ ಪ್ರಕಾರ ಕೊಂಡ ಸಾಮಾನಿಗೆ ರಸೀತಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ಒಪ್ಪದಿರುವುದೂ ಅಷ್ಟೆ. ಮಾವನವರು ಎರಡನೇ ವಾರದಲ್ಲೇ ಬಾಯಿ ಬಿಟ್ಟಿದ್ದರೆ ಆ 30 ದಿನ ನಮ್ಮ ಕೈಯಲ್ಲೇ ಇರುತ್ತಿತ್ತು!

ಅವಧಿ ಮೀರಿದರೂ ದಾರಿ ಮುಚ್ಚುವುದಿಲ್ಲ. ದೋಷದ ದೂರನ್ನು ಕಾರಣ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಯ್ಯಬಹುದು. ನಾವಿರುವ ಊರಿನಲ್ಲೇ ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ, ನಮ್ಮ ಮಾತನ್ನು ನಾವೇ ಹೇಳಿಕೊಳ್ಳಬಹುದು.

ಬೆಲೆ ಹೆಚ್ಚಾದರೆ ಗುಣವೂ ಹೆಚ್ಚೇ?

ಉಕ್ಕು ನಮಗೇನೂ ಹೊಸದಲ್ಲ. ಒಂದು ಕಾಲದಲ್ಲಿ ನಮ್ಮ ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಕಾಯಿಸಿ ಮಾಡುತ್ತಿದ್ದ ಉಕ್ಕು ಹಡಗು ಹತ್ತಿ ಹೋಗುತ್ತಿತ್ತು. ಇಂಗ್ಲಿಷರು ಅದನ್ನು 'ವೂಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿದ ಹೆಸರೆಂದು ಬಲ್ಲವರು ಹೇಳುತ್ತಾರೆ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ತನ್ನ ಹತಾರಗಳಿಗೆ ಈ ಉಕ್ಕನ್ನೇ ಮೆಚ್ಚಿ ಬಳಸುತ್ತಿದ್ದ.

ಸ್ವಿಟ್ಜರ್ಲೆಂಡಿನ ಕಥೆಯೂ ಚೆನ್ನಾಗಿದೆ. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಇಬಾಕ್ ಎಂಬಲ್ಲಿ ಚಾಕುವಿನ ಕಾರ್ಖಾನೆ ಶುರು ಮಾಡಿದ. 1891ರಲ್ಲಿ ಸೈನಿಕರಿಗೆ ಚಾಕು ಒದಗಿಸಿದ. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಚಾಕುಗಳಿಗೆ ಅವಳ ಹೆಸರಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ 'ಇನಾಕ್ಸ್' ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಉಕ್ಕಿನಲ್ಲಿ, ಕೆಲಸಗಾರಿಕೆಯಲ್ಲಿ ದೋಷ ಬಂದರೆ ಬಾಳುವಷ್ಟು ಕಾಲವೂ ನಮ್ಮ ಹೊಣೆ ಎನ್ನುತ್ತದೆ ಆ ಕಂಪನಿ. ಬಳಸಿ ಸವೆದದ್ದಕ್ಕೆ, ತಪ್ಪಾಗಿ ಬಳಸಿದ್ದಕ್ಕೆ ಹೊಣೆಯಿಲ್ಲ. (ನಮ್ಮ ಮನೆಗೆ ಬಂದದ್ದು ಈ ಕಂಪನಿಯ ಚಾಕುವಲ್ಲ, ತಪ್ಪು ತಿಳಿಯಬೇಡಿ.) ದುಬಾರಿ ವಸ್ತುವಿಗೆ ನಾವು ಹೆಚ್ಚು ಹಣ ಕೊಡುವುದು ಹೊಳಪಿಗಲ್ಲ, ಈ ಹೊಣೆಗೆ. ಹೊಣೆ ಹೊರುವವರಿಲ್ಲದ ದುಬಾರಿ ಚಾಕುವಿಗಿಂತ ಸಂತೆಯ ಚಾಕು ಮೇಲು.

ಕೊಳ್ಳುವಾಗ ಹೀಗೆ ಪರೀಕ್ಷಿಸಿ

* ಚಾಕುವನ್ನು ಅಂಗಡಿಯಲ್ಲೇ ಹತ್ತು ಸಲ ತೆರೆದು ಮುಚ್ಚಿ. ಪ್ರತಿ ಸಲವೂ ಒಂದೇ ಬಿಗಿ ಇರಬೇಕು.

* ತೆರೆದ ಅಲಗನ್ನು ಬೆನ್ನಿನ ಕಡೆಯಿಂದ ಹುಷಾರಾಗಿ ಹಿಡಿದು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸಿ. ಅಡಕತ್ತರಿಯ ಕೀಲು ಸಡಿಲವಾದರೆ ಅಡಿಕೆ ಜಾರುತ್ತದಲ್ಲ, ಇಲ್ಲಿ ಜಾರುವುದು ಬೆರಳಿನ ಮೇಲೆ.

* ಬೀಗ ಇದೆಯೇ, ಬರೀ ಸ್ಪ್ರಿಂಗ್ ಇದೆಯೇ ಎಂದು ಕೇಳಿ. ಎಷ್ಟೋ ಜೇಬುಚಾಕುಗಳಲ್ಲಿ ಸ್ಪ್ರಿಂಗ್ ಮಾತ್ರ ಇರುತ್ತದೆ. ಅದು ದೋಷವಲ್ಲ, ಆದರೆ ಅದನ್ನು ಒತ್ತಿ ಚುಚ್ಚುವ ಕೆಲಸಕ್ಕೆ ಬಳಸಬಾರದು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಿಂದ ತಿರುಗಿಸುವ ಬಳೆಯ ಬೀಗ ಬಂತು. ಬಳೆ ತಿರುಗಿಸಲು ಮರೆತರೆ ಆ ಬೀಗವೂ ಇಲ್ಲದ ಹಾಗೆಯೇ.

* ಮುಚ್ಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು. ಒಂದು ಪಕ್ಕಕ್ಕೆ ತಾಗುತ್ತಿದ್ದರೆ ಬೇಡ.

* ಹೆಸರು ನೋಡಿ ಮೋಸಹೋಗಬೇಡಿ. ಮೈಸೂರು ಸಿಲ್ಕ್ ಎಂದು ಬೇರೆ ಸೀರೆ ಮಾರುವವರಿಲ್ಲವೇ? ಚಾಕುಗಳಲ್ಲೂ ನಕಲಿ ಉಂಟು.

* ಅಂಗಡಿಯವರ ಬಾಯಿಮಾತಿನ ಗ್ಯಾರಂಟಿ ಬೇಡ. ವಾರಂಟಿ ಚೀಟಿಗೆ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಮನೆಯಲ್ಲಿ ಆರೈಕೆ

ನಮ್ಮ ಕಡೆಯಿಂದಲೂ ತಪ್ಪಾಗಬಾರದು. ತುಕ್ಕು ಹಿಡಿಯದ ಉಕ್ಕೆಂದರೆ ಅದರಲ್ಲಿ ಕಡೇಪಕ್ಷ ಶೇಕಡಾ 10.5 ಕ್ರೋಮಿಯಂ ಇರುತ್ತದೆ. ಹಾಗೆಂದು ಅದು ಅಮೃತ ಕುಡಿದಿಲ್ಲ. ನಿಂಬೆ, ಮಾವಿನಕಾಯಿ, ನೆಲ್ಲಿಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಲೆ ಬೀಳುತ್ತದೆ. ಕೂಡಲೇ ತೊಳೆದು, ಕೀಲಿನ ಸಂದಿಯನ್ನೂ ಒರೆಸಿ, ಒಣಗಿದ ಮೇಲೆ ಮಡಿಚಿ. ತಿಂಗಳಿಗೊಮ್ಮೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ. ಹಣ್ಣು ಹೆಚ್ಚುವ ಚಾಕುವಿಗೆ ಆ ಎಣ್ಣೆ ಬೇಡ, ಆಹಾರಕ್ಕೆ ತಗುಲಿದರೂ ತೊಂದರೆಯಿಲ್ಲದ ಎಣ್ಣೆ ಕೇಳಿ ತನ್ನಿ. ಡಬ್ಬಿಯ ಮುಚ್ಚಳ ಮೀಟಲು, ಸ್ಕ್ರೂ ತಿರುಗಿಸಲು ಅಲಗನ್ನು ಬಳಸಬೇಡಿ. ಬೀದಿಯಲ್ಲಿ ಬರುವ ಸಾಣೆಯವನ ಕಿಡಿ ಹಾರುವ ಚಕ್ರಕ್ಕೂ ಕೊಡಬೇಡಿ. ಅಲಗು ಕಾದು ಉಕ್ಕಿನ ಹದ ಕೆಡುತ್ತದೆ. ಒದ್ದೆ ಮಾಡಿದ ಸಾಣೆಕಲ್ಲಿನ ಮೇಲೆ ನಿಧಾನವಾಗಿ ಮಸೆಯುವುದೇ ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾದದ್ದು, ದೋಷ ಕಂಡ ದಿನವೇ ಬಾಯಿ ಬಿಡಿ. ಹಣ ಕೊಟ್ಟು ತಂದ ಸಾಮಾನಿನ ದೋಷ ಹೇಳುವುದು ಜಗಳಗಂಟಿತನವಲ್ಲ. ಉಡುಗೊರೆಯ ದೋಷ ಹೇಳಿದರೆ ಕೊಟ್ಟವರಿಗೆ ಅವಮಾನವೂ ಅಲ್ಲ.

ಮಾವನವರ ಬೆರಳು ಈಗ ವಾಸಿಯಾಗಿದೆ. ಒಂದು ಗೆರೆ ಉಳಿದಿದೆ. ಹೊಸ ಚಾಕುವಿನಲ್ಲಿ ಕೂರಿಸಿದ ಮೊದಲ ಕಣ್ಣು ಚಿಗುರಿ ಹಳದಿ ಗುಲಾಬಿ ಬಿಟ್ಟಿತು. ಅದೇ ದಿನ ನಾನು ಒಂದು ನಿಯಮ ಮಾಡಿದೆ: "ಇನ್ನು ಮೇಲೆ ಈ ಮನೇಲಿ ಏನೇ ಐಬು ಕಂಡ್ರೂ ಅವತ್ತೇ ಹೇಳಿಬಿಡಬೇಕು. ಯಾರೂ ಸಂಕೋಚ ಪಟ್ಕೋಬಾರದು."

ಮಾವನವರು ತಲೆಯಾಡಿಸಿದರು. ಮಧ್ಯಾಹ್ನ ಊಟಕ್ಕೆ ಕೂತವರು ಮೊದಲ ತುತ್ತು ಬಾಯಿಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಅಮ್ಮಾ, ಇಪ್ಪತ್ತೆರಡು ವರ್ಷದಿಂದ ಹೇಳಬೇಕು ಅಂದ್ಕೊಂಡಿದ್ದೆ. ಸಾರಿಗೆ ಉಪ್ಪು ಒಂಚೂರು ಜಾಸ್ತಿ ಹಾಕ್ತೀಯ."