ವೈದ್ಯನಿಗೇ ಬಂದ ಬೇನೆ

ನಮ್ಮ ಸಂಘದ ಕುಟುಂಬಗಳಲ್ಲಿ ಕಂಪ್ಯೂಟರ್ ಕೆಲಸಕ್ಕಾಗಿ ಊರು ಬಿಟ್ಟು ಬಂದವರು ಹಲವರು. ಮಗನೋ ಸೊಸೆಯೋ ನಡುರಾತ್ರಿಯವರೆಗೆ ಪರದೆಯನ್ನೇ ನೋಡುತ್ತ ಕುಳಿತರೆ, “ಅದೇನು ಅಷ್ಟು ಹುಡುಕುವುದು?” ಎಂದು ಹಿರಿಯರು ಕೇಳುವುದುಂಟು. “ಬಗ್ ಹುಡುಕುತ್ತಿದ್ದೇನೆ” ಎಂಬ ಉತ್ತರದಿಂದ ಅವರಿಗೆ ಸಮಾಧಾನವಾಗುವುದಿಲ್ಲ. ಆ ಹುಡುಕಾಟದ ಒಂದು ಮೂಲೆಯನ್ನಷ್ಟೇ ಇಲ್ಲಿ ಓದುಗರ ಮುಂದಿಡುತ್ತೇವೆ.

ಕಂಪ್ಯೂಟರಿನೊಳಗಿನ ಯಜಮಾನಿಕೆಯೆಲ್ಲ ಕರ್ನಲ್ ಎಂಬ ಮೂಲ ಪ್ರೋಗ್ರಾಮಿನದು. ಮೆಮೊರಿ ಹಂಚುವುದು, ಕೀಲಿಮಣೆಗೆ ಕಿವಿಗೊಡುವುದು, ಯಾರ ಸರದಿ ಮೊದಲೆಂದು ತೀರ್ಮಾನಿಸುವುದು ಎಲ್ಲ ಅದರ ಪಾಲು. ಆಂಡ್ರಾಯ್ಡ್ ಫೋನಿನಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಯಜಮಾನನೇ ತಪ್ಪಿ ನಡೆದಾಗ ಪರೀಕ್ಷಿಸುವ ವೈದ್ಯ ಕರ್ನಲ್ ಡಿಬಗ್ಗರ್. ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಅವರಿಗೆ ಈ ಸಲಕರಣೆ ಹಿಡಿಸಿರಲಿಲ್ಲ. ಬರೆದದ್ದನ್ನೇ ಓದಿ, ಯೋಚಿಸಿ ತಪ್ಪು ಕಂಡುಕೊಳ್ಳಬೇಕೆಂದು 2000ದಲ್ಲಿ ವಾದಿಸಿದ್ದರು. ಆದರೂ 2008ರಲ್ಲಿ ಕೆಜಿಡಿಬಿ, 2010ರಲ್ಲಿ ಕೆಡಿಬಿ ಲಿನಕ್ಸಿನೊಳಗೆ ಸೇರಿದವು.

ಈ ಕೆಡಿಬಿಯ ಪಾಡು ವಿಚಿತ್ರವಾದದ್ದು. ಅದು ಎದ್ದೊಡನೆ ಉಳಿದ ಪ್ರೊಸೆಸರುಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ. ಯಾರ ನೆರವನ್ನೂ ಅದು ಕೇಳುವಂತಿಲ್ಲ. ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಾತ ನಿದ್ದೆ ಹೋಗಿದ್ದಾನೆ, ಅವನನ್ನು ಎಬ್ಬಿಸುವಂತಿಲ್ಲ ಎನ್ನಿ. ಬಾಗಿಲ ಮುಂದೆ ಕಾದು ನಿಂತವನು ನಿಂತೇ ಇರಬೇಕು. ನಿಂತುಹೋದ ಪ್ರೊಸೆಸರಿನ ಕೈಯಲ್ಲಿರುವ ಲಾಕಿಗಾಗಿ ಡಿಬಗ್ಗರ್ ಕಾದರೂ ಅದೇ ಗತಿ. ಆದ್ದರಿಂದ ಕೀಲಿಗಳ ಒತ್ತನ್ನೂ ಅದು ತಾನೇ ಗಮನಿಸಿಕೊಳ್ಳಬೇಕು.

ಹೀಗೆ ಒಂಟಿಯಾಗಿ ದುಡಿಯುವ ವೈದ್ಯನಿಗೇ ಬೇನೆ ಬಂದರೆ? 2024ರಲ್ಲಿ ಸರಿಪಡಿಸಿದ ಒಂದು ತಪ್ಪನ್ನು ನೋಡೋಣ. ಉದ್ದದ ಹೆಸರನ್ನು ಅರ್ಧ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದರ್ಧವನ್ನು ಕೆಡಿಬಿ ತಾನೇ ತುಂಬುತ್ತದೆ. ಆಜ್ಞೆಯನ್ನು ಬರೆಯುವ ಜಾಗವಾದರೋ ಕೇವಲ 200 ಅಕ್ಷರದ್ದು. ಹೊಸ ಅಕ್ಷರಗಳನ್ನು ಅಲ್ಲಿಗೆ ಸಾಗಿಸುವಾಗ, ಸುರಿಯುವ ಚೊಂಬಿನ ಅಳತೆ ನೋಡಿದ್ದರೇ ಹೊರತು ಹಿಡಿಯುವ ಲೋಟದ ಅಳತೆ ನೋಡಿರಲಿಲ್ಲ! ಸಾಲು ಭರ್ತಿಯಾಗಿದ್ದು, ಕರ್ಸರ್ ನಡುವೆ ಎಲ್ಲೋ ಇರುವಾಗ ಟ್ಯಾಬ್ ಒತ್ತಿದರೆ ಅಕ್ಷರಗಳು ಅಂಚು ದಾಟಿ ಪಕ್ಕದ ಮೆಮೊರಿಯ ಮೇಲೆ ಬೀಳುತ್ತಿದ್ದವು. ರೋಗ ತಿಳಿಯಲು ಬಂದ ವೈದ್ಯನ ಕೈಯಿಂದಲೇ ರೋಗಿಗೆ ಗಾಯ. 2010ರಲ್ಲಿ ಜೊತೆಗೇ ಬಂದ ಈ ದೋಷ ಸರಿಹೋಗುವಷ್ಟರಲ್ಲಿ 14 ವರ್ಷ ಕಳೆದಿದ್ದವು. ತುಂಬಿದ ಸಾಲಿನ ನಡುವೆ ಟ್ಯಾಬ್ ಒತ್ತುವವರಾದರೂ ಎಷ್ಟು ಮಂದಿ?

ಕೆಡಿಬಿಯನ್ನು ನೋಡಿಕೊಳ್ಳುವ ಡೇನಿಯಲ್ ಥಾಂಪ್ಸನ್ ಅವರು ಮಾಡಿದ ಚಿಕಿತ್ಸೆ ಸರಳ: ಮೊದಲು ಲೋಟದಲ್ಲಿ ಜಾಗವಿದೆಯೇ ಎಂದು ನೋಡು, ಇದ್ದರೆ ಮಾತ್ರ ಹಳೆಯ ಅಕ್ಷರಗಳನ್ನು ಸರಿಸಿ ಹೊಸದನ್ನು ಸೇರಿಸು. ಆ ಕೈಯಲ್ಲೇ, ಟ್ಯಾಬ್ ಒತ್ತಿದಾಗ ಕರ್ಸರ್ ಸರಿಯಾದ ಜಾಗದಲ್ಲಿ ನಿಲ್ಲದಿದ್ದ ಇನ್ನೊಂದು ದೋಷವನ್ನೂ ತಿದ್ದಿದರು.

2022ರ ದೋಷ ಬೇರೆ ಬಗೆಯದು. ಹೊರಗಿನವರು ಕರ್ನಲಿನ ಮೆಮೊರಿಯನ್ನು ಮುಟ್ಟದಂತೆ ‘ಲಾಕ್‌ಡೌನ್’ ಎಂಬ ಭದ್ರ ಬಾಗಿಲನ್ನು ಹಾಕಿದ್ದರು. ಆದರೆ ಮೆಮೊರಿಯನ್ನು ಓದುವ, ತಿದ್ದುವ ಅಧಿಕಾರವುಳ್ಳ ಡಿಬಗ್ಗರ್ ಹಿತ್ತಿಲ ಬಾಗಿಲಾಗಿ ತೆರೆದೇ ಇತ್ತು. ಅದಕ್ಕೂ ಅಗುಳಿ ಬಿತ್ತು.

ಇನ್ನು ಡಿಬಗ್ಗರನ್ನೇ ಪರೀಕ್ಷಿಸುವುದು ಹೇಗೆ? ಬೇರೊಂದು ಯಂತ್ರವನ್ನು ಸೀರಿಯಲ್ ತಂತಿಯಿಂದ ಜೋಡಿಸಿಕೊಂಡು, ಇಲ್ಲವೆ ಯಂತ್ರದೊಳಗೊಂದು ಹುಸಿ ಯಂತ್ರವನ್ನು ನಡೆಸಿ, ದೂರದಿಂದ ನಾಡಿ ಹಿಡಿಯುತ್ತಾರೆ. ನಡುರಾತ್ರಿಯ ಆ ಮೌನದಲ್ಲಿ ನಮ್ಮ ಮನೆಯ ಮಕ್ಕಳು ಎಷ್ಟೋ ವೇಳೆ ಕಾಯುತ್ತಿರುವುದು, ಅತ್ತ ಕಡೆಯ ಯಂತ್ರ ಮತ್ತೆ ಉಸಿರಾಡುವುದೋ ಇಲ್ಲವೋ ಎಂದೇ.